ಕಣಸಗಿರಿಯ ಕೌಸಲ್ಯೆಗೆ ಒಂದು ಸಂಜೆ ಕೊಡಿ

ಉತ್ತರ ಕನ್ನಡ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಕಾಳಿ ನದಿಯ ಎರಡೂ ದಡಗಳ ನನ್ನ ಜನರಿಗೆ ನಮಸ್ಕಾರಗಳು.

ನಾನು ಸದಾಶಿವಗಡದವಳು. ಮನೆಮಾತು ಕೊಂಕಣಿ. ಮೂವತ್ತೊಂದು ವರ್ಷ ಅನ್ನ ಕೊಟ್ಟ ಭಾಷೆ ಕನ್ನಡ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಇದನ್ನು ಮೊದಲೇ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಮುಂದಿನ ಮಾತುಗಳನ್ನು ಓದಿದವರಲ್ಲಿ ಕೆಲವರಾದರೂ ನನ್ನ ಕನ್ನಡಾಭಿಮಾನವನ್ನು ತಕ್ಕಡಿಗೆ ಹಾಕುತ್ತಾರೆ ಎಂಬುದು ನನಗೆ ಗೊತ್ತು. ಹಾಕುವವರು ಹಾಕಲಿ. ಮನೆಯಲ್ಲಿ ಒಂದಕ್ಷರ ಕನ್ನಡ ಕೇಳದ ಮಕ್ಕಳ ಬಾಯಲ್ಲಿ ಕುಮಾರವ್ಯಾಸನ ಷಟ್ಪದಿಯನ್ನು ಉಚ್ಚಾರ ತಪ್ಪದಂತೆ ಹಾಡಿಸಿದವಳು ನಾನು. ಆ ತೂಕದ ಕಲ್ಲನ್ನೂ ಜೊತೆಗೆ ಇಟ್ಟುಕೊಳ್ಳಲಿ.

ನಾನು ಬರೆಯಹೊರಟಿರುವುದು ನಟಿ ಜಯಶ್ರೀ ಗಡ್ಕರ್ ಅವರ ಬಗ್ಗೆ. ಜಯಶ್ರೀ ಎಂದೊಡನೆ ಕನ್ನಡದ ಓದುಗರಿಗೆ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ನೆನಪಾಗುತ್ತಾರೆ. ಸಹಜ. ನಾನು ಹೇಳುತ್ತಿರುವ ಜಯಶ್ರೀ ಹುಟ್ಟಿದ್ದು ನಮ್ಮ ಕಾರವಾರ ತಾಲ್ಲೂಕಿನಲ್ಲಿ, ಸದಾಶಿವಗಡಕ್ಕೆ ಹತ್ತಿರದ ಕಣಸಗಿರಿಯಲ್ಲಿ, 1942ರಲ್ಲಿ. ಕೊಂಕಣಿ ಮಾತಾಡುವ ಮನೆಯ ಆ ಹುಡುಗಿ ಮರಾಠಿ ಸಿನಿಮಾದ ಮಹಾರಾಣಿಯಾಗಿ, ಮರಾಠಿ ಹಿಂದಿ ಎರಡೂ ಸೇರಿ ಸುಮಾರು 250 ಚಿತ್ರಗಳಲ್ಲಿ ನಟಿಸಿ, 2008ರ ಆಗಸ್ಟ್ 29ರಂದು ಮುಂಬೈಯಲ್ಲಿ ತೀರಿಕೊಂಡರು. ಕಾರವಾರದ ಯಾವ ರಸ್ತೆಯಲ್ಲಿ ನಿಂತು ಹತ್ತು ಜನರನ್ನು ಕೇಳಿದರೂ ಒಂಬತ್ತು ಜನ ಈ ಹೆಸರನ್ನೇ ಕೇಳಿಲ್ಲ. ಹತ್ತನೆಯವರು ನನ್ನ ವಯಸ್ಸಿನವರಾಗಿದ್ದರೆ, ‘ರಾಮಾಯಣದ ಕೌಸಲ್ಯೆಯೇ?’ ಎನ್ನುತ್ತಾರೆ.

ಹೌದು, ಅದೇ ಕೌಸಲ್ಯೆ. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ.

1987ರಲ್ಲಿ ರಮಾನಂದ ಸಾಗರರ ರಾಮಾಯಣ ದೂರದರ್ಶನದಲ್ಲಿ ಶುರುವಾದಾಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ನಮ್ಮ ಕೇರಿಗೆಲ್ಲ ಒಂದೇ ಟೀವಿ. ಭಾನುವಾರ ಬೆಳಿಗ್ಗೆ ಮೀನು ಪೇಟೆಗೆ ಹೋದವರು ಬುಟ್ಟಿಯನ್ನು ಅಂಗಳದಲ್ಲೇ ಇಟ್ಟು ಒಳಗೆ ನುಗ್ಗುತ್ತಿದ್ದರು. ಒಬ್ಬ ಹುಡುಗ ಹಂಚಿನ ಮೇಲೆ ಹತ್ತಿ ಆಂಟೆನಾವನ್ನು ಗೋವಾದ ಕಡೆಗೆ ತಿರುಗಿಸಿ ಹಿಡಿದುಕೊಂಡೇ ಇರಬೇಕು. ಪಾಪ, ಅವನಿಗೆ ರಾಮನ ದರ್ಶನ ಎಂದೂ ಆಗಲಿಲ್ಲ, ಬರೀ ಧ್ವನಿ. ನನ್ನ ಅಜ್ಜಿ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಟೀವಿಗೆ ಅಬ್ಬಲಿಗೆ ಮಾಲೆ ಹಾಕಿ ಕೂರುತ್ತಿದ್ದಳು. ಕೌಸಲ್ಯೆ ಬಂದಾಗಲೆಲ್ಲ ಕೈ ಮುಗಿಯುತ್ತಿದ್ದಳು. ಮಗನನ್ನು ಕಾಡಿಗೆ ಕಳಿಸುವ ಕಂತಿನಲ್ಲಿ ಅತ್ತೂ ಅತ್ತು ಮಧ್ಯಾಹ್ನ ಊಟ ಬಿಟ್ಟಳು.

ಆ ದಿನವೇ ನನ್ನ ಅಮ್ಮ ಬಾಯಿ ತಪ್ಪಿ ಹೇಳಿದ್ದು: ‘ಅವಳು ನಮ್ಮ ಕಣಸಗಿರಿಯ ಹುಡುಗಿ. ಮೊದಲು ಲಾವಣಿ ಕುಣಿಯುತ್ತಿದ್ದಳು.’

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ದೇವರ ತಾಯಿಯ ಬಗ್ಗೆ ಹಾಗೆಲ್ಲ ಮಾತಾಡಬಾರದು ಎಂದು ಸೊಸೆಯನ್ನು ಗದರಿದಳು. ಅಮ್ಮ ಸುಳ್ಳು ಹೇಳುವವಳಲ್ಲ. ಮದುವೆಗೆ ಮುಂಚೆ ಮುಂಬೈಯ ಗಿರಗಾಂವಿನ ಚಾಳಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಕೆಲ ಕಾಲ ಇದ್ದವಳು. ಜಯಶ್ರೀ ಗಡ್ಕರ್ ಚಿತ್ರ ಬಂದರೆ ಚಾಳಿನ ಹೆಂಗಸರೆಲ್ಲ ಒಟ್ಟಾಗಿ ಮ್ಯಾಟಿನಿಗೆ ಹೋಗುತ್ತಿದ್ದುದನ್ನು ಕಂಡವಳು. ‘ನಿಮ್ಮ ಊರಿನವಳಂತೆ’ ಎಂದು ಚಾಳಿನವರು ಹೇಳಿದಾಗ ತನಗಾದ ಹೆಮ್ಮೆಯನ್ನು ನುಂಗಿಕೊಂಡೇ ಊರಿಗೆ ಬಂದಿದ್ದಳು. ಊರಿನಲ್ಲಿ ಅದನ್ನು ಹೇಳುವ ಹಾಗಿರಲಿಲ್ಲ. ಕುಣಿಯುವವಳು ನಮ್ಮವಳು ಎಂದು ಯಾವ ಮನೆ ಹೇಳಿಕೊಂಡೀತು? ಅಮ್ಮ ಇಪ್ಪತ್ತು ವರ್ಷ ಬಾಯಿ ಬಿಗಿಹಿಡಿದಿದ್ದಳು. ಕೌಸಲ್ಯೆಯಾದ ಮೇಲೆ ಹೇಳಬಹುದು ಎಂದುಕೊಂಡಳು. ಆಗಲೂ ಬೈಗುಳವೇ ಸಿಕ್ಕಿತು.

ಅಂದ ಹಾಗೆ, ಅದೇ ಧಾರಾವಾಹಿಯ ದಶರಥ, ಬಾಳ್ ಧುರಿ, ಮನೆಯಲ್ಲೂ ಅವರ ಗಂಡನೇ. ಮರಾಠಿ ರಂಗಭೂಮಿಯಿಂದ ಬಂದ ನಟ. ಇದು ಗೊತ್ತಾದ ಮೇಲೆ ನಮ್ಮ ಕೇರಿಯ ಹೆಂಗಸರು ಕೈಕೇಯಿಯ ಮೇಲೆ ಇನ್ನಷ್ಟು ಸಿಟ್ಟಾದರು.

ಮಾನ್ಯರೇ, ಜಯಶ್ರೀಯವರು ಹುಟ್ಟಿದ ಕಾಲದ ಕಾರವಾರವನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಆಗ ಇದು ಮುಂಬೈ ಪ್ರಾಂತದ ಉತ್ತರ ಕನ್ನಡ. 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದ ಜಿಲ್ಲೆ. ಬೆಂಗಳೂರು ನಮಗೆ ಪರರಾಜ್ಯ, ಮಹಾರಾಜರ ಊರು. ಕೆಲಸ, ಕಾಲೇಜು, ಆಸ್ಪತ್ರೆ, ಹಟ ಹಿಡಿದು ಮನೆ ಬಿಟ್ಟು ಹೋಗುವುದು, ಎಲ್ಲಕ್ಕೂ ಮುಂಬೈಯೇ. ಕಾಳಿಗೆ ಸೇತುವೆ ಇರಲಿಲ್ಲ. ಸದಾಶಿವಗಡದಿಂದ ಕೋಡಿಬಾಗಕ್ಕೆ ದೋಣಿಯಲ್ಲಿ ದಾಟಬೇಕಿತ್ತು. ಮಳೆಗಾಲದಲ್ಲಿ ಕಾಳಿ ತುಂಬಿ ಬಂದಾಗ ಕಾರವಾರ ಪೇಟೆ ಕಣ್ಣೆದುರೇ ಇದ್ದರೂ ಕೈಗೆ ಸಿಗುತ್ತಿರಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಬಿದ್ದಾಗ ನಮ್ಮ ಕಡೆಯ ಹಿರಿಯರಿಗೆ ಆ ದಿನಗಳೇ ನೆನಪಾದದ್ದು. ಇಂಥ ದಡದಿಂದ ಒಂದು ಕೊಂಕಣಿ ಕುಟುಂಬದ ಮಗು ಉತ್ತರದ ಕಡೆಗೆ ಹೋದದ್ದರಲ್ಲಿ ಯಾವ ದ್ರೋಹವೂ ಇಲ್ಲ, ಅಚ್ಚರಿಯೂ ಇಲ್ಲ. ದಾರಿ ಇದ್ದದ್ದೇ ಆ ಕಡೆಗೆ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ನಾಡಿಗೆ ಬಂದು ಸೇರುವ ಹೊತ್ತಿಗೆ ಹುಡುಗಿ ಆಗಲೇ ಕ್ಯಾಮೆರಾದ ಮುಂದೆ ನಿಂತಿದ್ದಳು.

ನಿಂತದ್ದು ಮುಂದಿನ ಸಾಲಿನಲ್ಲಿ ಅಲ್ಲ. 1955ರಲ್ಲಿ ಬಂದ ವಿ. ಶಾಂತಾರಾಮರ ‘ಝನಕ್ ಝನಕ್ ಪಾಯಲ್ ಬಾಜೆ’ಯಲ್ಲಿ ನಾಯಕಿ ಸಂಧ್ಯಾ ಅವರ ಹಿಂದೆ ಕುಣಿಯುವ ಗುಂಪಿನಲ್ಲಿ ಒಬ್ಬಳು. ಹದಿಮೂರು ವರ್ಷ. ನಾನು ಆ ಚಿತ್ರವನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ಹಿಂದಿನ ಸಾಲಿನ ಮುಖಗಳನ್ನು ಹುಡುಕಿದ್ದೇನೆ, ಮೊಮ್ಮಗ ನಗುತ್ತಾನೆ. ಮರುವರ್ಷ ದಿನಕರ ಪಾಟೀಲರ ಮರಾಠಿ ಚಿತ್ರದಲ್ಲಿ ರಾಜಾ ಗೋಸಾವಿಯವರ ಜೊತೆ ಕುಣಿಯುವ ಸಣ್ಣ ಪಾತ್ರ. ಇನ್ನು ಮೂರು ವರ್ಷ ಕಳೆಯುವಷ್ಟರಲ್ಲಿ, 1959ರಲ್ಲಿ, ಅನಂತ ಮಾನೆಯವರ ‘ಸಾಂಗತ್ಯೆ ಐಕಾ’. ಜಯಶ್ರೀ ಅದರಲ್ಲಿ ತಮಾಷಾ, ಎಂದರೆ ಲಾವಣಿ ಹಾಡಿ ಕುಣಿಯುವ ಮರಾಠಿ ಜನಪದ ಆಟ, ಕುಣಿಯುವವಳು. ಪುಣೆಯ ವಿಜಯಾನಂದ ಚಿತ್ರಮಂದಿರದಲ್ಲಿ ಆ ಚಿತ್ರ 131 ವಾರ ಓಡಿತು. ಎರಡೂವರೆ ವರ್ಷ! ಮೊದಲ ದಿನ ಹುಟ್ಟಿದ ಮಗು ಕೊನೆಯ ಆಟದ ಹೊತ್ತಿಗೆ ಓಡಾಡಿಕೊಂಡು ಹಾಡು ಹೇಳುವಷ್ಟು ದೊಡ್ಡದಾಗಿರುತ್ತದೆ.

ಹಾಡೆಂದರೆ ಯಾವುದು? ಬುಗುಡಿಯ ಹಾಡು. ಗ.ದಿ. ಮಾಡಗೂಳಕರ್ ಬರೆದದ್ದು, ವಸಂತ ಪವಾರರ ಸಂಗೀತ, ಆಶಾ ಭೋಸ್ಲೆ ಹಾಡಿದ್ದು. ಸಾತಾರಾಕ್ಕೆ ಹೋಗುವ ದಾರಿಯಲ್ಲಿ ಬುಗುಡಿ ಬಿದ್ದುಹೋಯಿತು ಎಂದು ಕುಣಿಯುವವಳು ಸುಳ್ಳೇ ದೂರು ಹೇಳುತ್ತಾಳೆ, ನನ್ನ ಮುದುಕನಿಗೆ ಚಾಡಿ ಹೇಳಬೇಡಿ ಎನ್ನುತ್ತ ಊರಿಗೆಲ್ಲ ಹೇಳುತ್ತಾಳೆ. ಬುಗುಡಿ ಗೊತ್ತಲ್ಲ? ಧಾರವಾಡ, ಬೆಳಗಾವಿ ಕಡೆಯ ಹೆಂಗಸರು ಕಿವಿಯ ಮೇಲ್ಭಾಗದಲ್ಲಿ ಇಟ್ಟುಕೊಳ್ಳುವ ಅದೇ ಮುತ್ತಿನ ಬುಗುಡಿ. ಗಡಿ ಗುರುತಿಸಲು ಬಂದ ಯಾವ ಆಯೋಗಕ್ಕೂ ಆ ಒಡವೆ ಯಾವ ರಾಜ್ಯದ್ದು ಎಂದು ಹೇಳಲು ಆಗಿರಲಿಕ್ಕಿಲ್ಲ. ಆ ಹಾಡಿನಲ್ಲಿ ಜಯಶ್ರೀಯವರ ಕಾಲಿಗಿಂತ ಕಣ್ಣಿನ ಕೆಲಸವೇ ಹೆಚ್ಚು. ಬುಗುಡಿ ಎಲ್ಲಿ ಬಿದ್ದಿದೆ ಎಂಬುದು ಚೆನ್ನಾಗಿ ಗೊತ್ತಿದ್ದೂ ಹುಡುಕುವವಳ ಕಣ್ಣು. ಲಾವಣಿಯ ಶೃಂಗಾರವನ್ನು ಒಂದು ಎಳೆ ಹೆಚ್ಚಾದರೆ ಅಗ್ಗವಾಗುವ, ಒಂದು ಎಳೆ ಕಡಿಮೆಯಾದರೆ ಸಪ್ಪೆಯಾಗುವ ಹದದಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಆಗ ಅವರಿಗೆ ಹದಿನೇಳು ವರ್ಷ.

ಈ ಚಿತ್ರದಿಂದ ಇನ್ನೊಂದು ದಾರಿಯೂ ನಮ್ಮ ಕಡೆಗೆ ತಿರುಗುತ್ತದೆ. ಅದರಲ್ಲಿ ಹಂಸಾ ವಾಡಕರ್ ಕೂಡ ಇದ್ದರು. ಮುಂದೆ ಆಕೆ ತನ್ನ ಆತ್ಮಕಥೆಗೆ ಈ ಚಿತ್ರದ ಹೆಸರನ್ನೇ ಇಟ್ಟರು. ಆ ಆತ್ಮಕಥೆಯನ್ನು ಆಧರಿಸಿ ಶ್ಯಾಮ್ ಬೆನಗಲ್ 1977ರಲ್ಲಿ ‘ಭೂಮಿಕಾ’ ಮಾಡಿದಾಗ ಸ್ಮಿತಾ ಪಾಟೀಲರ ಜೊತೆ ನಮ್ಮ ಜಿಲ್ಲೆಯ ನಂಟಿನ ಅನಂತನಾಗ್ ನಟಿಸಿದರು. ಅನಂತನಾಗ್ ನಮ್ಮವರು ಎನ್ನಲು ನಮಗೆ ಯಾವ ಅಳುಕೂ ಇಲ್ಲ. ಇರಬಾರದು ಕೂಡ.

ತಮಾಷಾ ಚಿತ್ರಗಳ ಸಾಲೇ ಹಿಡಿದು ಬಂತು. ಅಲ್ಲೇ ಉಳಿದಿದ್ದರೆ ಜಯಶ್ರೀ ಕುಣಿಯುವ ನಟಿಯಾಗಿಯೇ ಮುಗಿದುಹೋಗುತ್ತಿದ್ದರು. ಹಾಗಾಗಲಿಲ್ಲ. 1961ರಲ್ಲಿ ಅದೇ ಮಾನೆಯವರ ‘ಮಾನಿನಿ’. 1965ರಲ್ಲಿ ಭಾಲಜಿ ಪೆಂಢಾರಕರರ ‘ಸಾಧೀ ಮಾಣಸಂ’. ಈ ಎರಡನೆಯದನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಜಯಶ್ರೀ ಅದರಲ್ಲಿ ಕಮ್ಮಾರನ ಹೆಂಡತಿ. ಕುಲುಮೆಯ ಮುಂದೆ, ತಿದಿ ಒತ್ತುತ್ತ, ಕಬ್ಬಿಣ ಬಡಿಯುವ ಅಡೆಗಲ್ಲನ್ನೇ ದೇವರೆಂದು ಕರೆದು ಬೇಡಿಕೊಳ್ಳುವ ಒಂದು ಹಾಡಿದೆ. ಹಾಡಿದವರು ಲತಾ ಮಂಗೇಶ್ಕರ್. ಆನಂದಘನ ಎಂಬ ಹೆಸರಿನಲ್ಲಿ ಸಂಗೀತ ಕೊಟ್ಟವರೂ ಅವರೇ. ಬುಗುಡಿಯ ಹುಡುಗಿ ಇಲ್ಲಿ ಎಲ್ಲೂ ಕಾಣುವುದಿಲ್ಲ. ಹಣೆಯ ಮೇಲೆ ಕುಲುಮೆಯ ಬೆಳಕು, ಮುಖದಲ್ಲಿ ದುಡಿಯುವವರ ದಣಿವು, ಆ ದಣಿವಿನೊಳಗೇ ಗಂಡನ ಕಡೆಗೆ ಒಂದು ನೋಟ. ನಾನು ಮಕ್ಕಳಿಗೆ ‘ಕಾಯಕ’ ಎಂಬ ಪದವನ್ನು ಮೂವತ್ತು ವರ್ಷ ವಿವರಿಸಿದ್ದೇನೆ, ವಚನ ಓದಿಸಿದ್ದೇನೆ, ಟಿಪ್ಪಣಿ ಬರೆಸಿದ್ದೇನೆ. ಈ ಒಂದು ಹಾಡನ್ನು ತೋರಿಸಿದ್ದರೆ ಸಾಕಿತ್ತು.

ಮುಂದಿನದ್ದನ್ನು ಬೇಗ ಹೇಳುತ್ತೇನೆ, ಏಕೆಂದರೆ ನನಗೆ ಅದು ಅಷ್ಟು ಹಿಡಿಸಿಲ್ಲ. ಹಿಂದಿಯಲ್ಲಿ ಅವರಿಗೆ ಸಿಕ್ಕಿದ್ದು ಬಹುತೇಕ ಪೌರಾಣಿಕ ಚಿತ್ರಗಳು. ದಾರಾಸಿಂಗ್ ಶಿವನಾದರೆ ಇವರು ಪಾರ್ವತಿ. ಕಿರೀಟ ಭಾರ, ಮಾತು ಭಾರ, ನಟನೆಗೆ ಜಾಗ ಕಡಿಮೆ. ತೊಂಬತ್ತರ ದಶಕದಲ್ಲಿ ಮರಾಠಿಯಲ್ಲಿ ನಿರ್ದೇಶನಕ್ಕೂ ಕೈ ಹಾಕಿದರು. ಅದಕ್ಕೂ ಮೊದಲೇ ‘ಅಶೀ ಮೀ ಜಯಶ್ರೀ’ ಎಂದು ಆತ್ಮಕಥೆ ಬರೆದಿದ್ದರು. ಇಂಥವಳು ನಾನು, ಜಯಶ್ರೀ ಎಂದು ಅರ್ಥ. ಹಿಂದಿನ ಸಾಲಿನ ನರ್ತಕಿ, ನಾಯಕಿ, ದೇವಿ, ತಾಯಿ, ನಿರ್ದೇಶಕಿ: ಚಿತ್ರರಂಗದಲ್ಲಿ ಹೆಣ್ಣಿಗೆ ಇದ್ದ ಮೆಟ್ಟಿಲುಗಳಲ್ಲಿ ಅವರು ಕಾಲಿಡದೆ ಬಿಟ್ಟದ್ದು ಕಡಿಮೆ.

ಇಷ್ಟೆಲ್ಲ ಬರೆದುಕೊಂಡು, ಫೋಟೋ ಅಂಟಿಸಿ, ಅವರ ನೆನಪಿಗೆ ಏನಾದರೂ ಮಾಡಿ ಎಂದು ಕೇಳಲು ಕೆಲ ವರ್ಷಗಳ ಹಿಂದೆ ನಾನು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂಬುದು ಬೇಡ. ಮೇಜಿನ ಆಚೆ ಕುಳಿತವರು ಸೌಜನ್ಯದಿಂದಲೇ ಮಾತಾಡಿದರು, ಚಹಾ ಕೂಡ ತರಿಸಿದರು. ನಮೂನೆಯ ಮೇಲೆ ಬೆರಳಿಟ್ಟು ಕೇಳಿದರು: ‘ಅಮ್ಮಾ, ಕನ್ನಡಕ್ಕೆ ಇವರ ಕೊಡುಗೆ ಎಂಬ ಕಾಲಂ ಇದೆಯಲ್ಲ, ಇಲ್ಲಿ ಏನು ಬರೆಯೋಣ?’

ನಾನು ಚಹಾ ಕುಡಿದು ಎದ್ದು ಬಂದೆ. ಉತ್ತರ ಹೊಳೆದದ್ದು ಬಸ್ಸಿನಲ್ಲಿ. ಒಳ್ಳೆಯ ಉತ್ತರಗಳೆಲ್ಲ ನನಗೆ ಹೊಳೆಯುವುದು ಬಸ್ಸಿನಲ್ಲೇ. ಬಸ್ಸು ಟಾಗೋರ್ ಕಡಲತೀರವನ್ನು ದಾಟುತ್ತಿತ್ತು.

ಸ್ವಾಮೀ, ರವೀಂದ್ರನಾಥ ಟಾಗೋರರು ಕನ್ನಡಕ್ಕೆ ಕೊಟ್ಟ ಕೊಡುಗೆ ಏನೆಂದು ಆ ಕಾಲಂನಲ್ಲಿ ಯಾರು ತುಂಬಿಸಿದರು? ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ರವೀಂದ್ರರು ತಮ್ಮ ಇಪ್ಪತ್ತೆರಡರ ಹರೆಯದಲ್ಲಿ ಬಂದು ಕೆಲ ಕಾಲ ಅವರ ಮನೆಯಲ್ಲಿದ್ದರು. ಕಾಳಿಯಲ್ಲಿ ದೋಣಿಯೇರಿ ಬೆಳದಿಂಗಳು ನೋಡಿದರು, ಬಂಗಾಳಿಯಲ್ಲಿ ಒಂದು ನಾಟಕ ಬರೆದರು, ಹೋದರು. ನಾವು ಇಡೀ ಕಡಲತೀರವನ್ನೇ ಅವರ ಹೆಸರಿಗೆ ಬರೆದುಕೊಟ್ಟೆವು. ಒಳ್ಳೆಯದನ್ನೇ ಮಾಡಿದೆವು; ನನಗೆ ಆ ಹೆಸರಿನ ಮೇಲೆ ಪ್ರೀತಿಯಿದೆ. ಅದೇ ತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನು ತಂದು ಮರಳಿನ ಮೇಲೆ ಕೂರಿಸಿದ್ದೇವೆ, ಅದರ ಭಾಷೆ ಯಾವುದೆಂದೂ ಕೇಳಲಿಲ್ಲ. ಬಂದು ಹೋದ ಕವಿಗೆ ತೀರ ಕೊಡುವಷ್ಟು ಧಾರಾಳವಿರುವ ಊರು ತನ್ನ ಮಣ್ಣಿನಲ್ಲೇ ಹುಟ್ಟಿದ ಹುಡುಗಿಗೆ ಮಾತ್ರ ಕಾಲಂ ತುಂಬಿಸಲು ಹೇಳುತ್ತದೆ.

ಇನ್ನೂ ಒಂದು ಉತ್ತರವಿದೆ. ಅದು ಕರ್ಕಿಯದು. ಹೊನ್ನಾವರದ ಪಕ್ಕದ ಕರ್ಕಿಯಿಂದ ಭಾಗವತ ಮೇಳವೊಂದು 1842ರಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿಯ ಸಂಸ್ಥಾನದ ಒಡೆಯ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅದನ್ನು ಮೆಚ್ಚಿದ ದೊರೆ ಮರಾಠಿಯಲ್ಲೂ ಅಂಥದ್ದೊಂದನ್ನು ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮಹಾರಾಷ್ಟ್ರದವರು ಇಂದಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಮರಾಠಿ ನಾಟಕಕ್ಕೆ ಬೀಜ ಹೋದದ್ದು ನಮ್ಮ ಜಿಲ್ಲೆಯ ಬಯಲಾಟದಿಂದ. ಸರಿಯಾಗಿ ನೂರು ವರ್ಷದ ಮೇಲೆ, 1942ರಲ್ಲಿ, ಕಣಸಗಿರಿಯಲ್ಲಿ ಈ ಹುಡುಗಿ ಹುಟ್ಟಿದಳು. ಮೇಳ ಹೋದ ದಾರಿಯಲ್ಲೇ ಅವಳೂ ಹೋದಳು. ಮೇಳದ ಕಥೆ ಹೇಳುವಾಗ ಎದೆ ಉಬ್ಬಿಸುವ ನಾವು ಹುಡುಗಿಯ ಕಥೆ ಬಂದಾಗ ನೆಲ ನೋಡುತ್ತೇವೆ.

ಏಕೆ ಎಂದು ನನಗೆ ನಾನೇ ಕೇಳಿಕೊಂಡಿದ್ದೇನೆ. ಎರಡು ಕಾರಣ ಕಾಣುತ್ತದೆ. ಒಂದನ್ನು ಎಲ್ಲರೂ ಪಿಸುಗುಟ್ಟುತ್ತಾರೆ, ಇನ್ನೊಂದನ್ನು ಯಾರೂ ಹೇಳುವುದಿಲ್ಲ.

ಪಿಸುಗುಟ್ಟುವ ಕಾರಣ ಗಡಿ. ಮಹಾರಾಷ್ಟ್ರ ತನಗೆ ಬೇಕೆನ್ನುವ ಊರುಗಳ ಪಟ್ಟಿಯಲ್ಲಿ ಬೆಳಗಾವಿ, ನಿಪ್ಪಾಣಿಯ ಜೊತೆ ಕಾರವಾರದ ಹೆಸರೂ ಇದೆ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ಹೀಗಿರುವಾಗ ಮರಾಠಿ ತಾರೆಯೊಬ್ಬರನ್ನು ಕಾರವಾರದವರು ಎಂದು ನಾವೇ ಹೇಳಿದರೆ ಎದುರಿನವರ ಕೈಗೆ ಕೋಲು ಕೊಟ್ಟ ಹಾಗಾಗುವುದಿಲ್ಲವೇ ಎಂದು ನನ್ನ ಸಹೋದ್ಯೋಗಿಯಾಗಿದ್ದ ಒಬ್ಬ ಮೇಷ್ಟ್ರೇ ನನ್ನನ್ನು ಕೇಳಿದರು. ಒಳ್ಳೆಯ ಮನುಷ್ಯ, ಹೆದರಿಕೆ ಅವರದೊಬ್ಬರದೇ ಅಲ್ಲ. ಕೆಲ ವರ್ಷಗಳ ಹಿಂದೆ ನಮ್ಮ ರಸ್ತೆಗಳ ನಾಮಫಲಕಗಳಲ್ಲಿ ದೇವನಾಗರಿ ಅಕ್ಷರ ಕಂಡಾಗ ಎದ್ದ ಗಲಾಟೆಯನ್ನು ಎಲ್ಲರೂ ನೋಡಿದ್ದಾರೆ. ನಾನು ಅವರಿಗೆ ಹೇಳಿದ್ದು ಇಷ್ಟೇ: ಮರಾಠಿ ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಸಂಗತಿ ಪುಸ್ತಕಗಳಲ್ಲೇ ಇದೆ, ಅದರಿಂದ ಬೆಳಗಾವಿ ಒಂದಂಗುಲವೂ ಅತ್ತ ಸರಿದಿಲ್ಲ. ನಾವು ಸುಮ್ಮನಿದ್ದರೆ ಏನಾಗುತ್ತದೆ ಗೊತ್ತೇ? ಆಕೆ ಎಲ್ಲಿಯವಳು ಎಂಬ ಮಾತನ್ನು ಅವರೊಬ್ಬರೇ ಹೇಳುತ್ತಾರೆ. ಕೋಲು ಕೈಗೆ ಸಿಗುವುದು ಆಗ. ಕೊಂಕಣಿ ತಾಯ್ನುಡಿಯ, ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿದ, ಮರಾಠಿಯಲ್ಲಿ ಬೆಳಗಿದ ಕಲಾವಿದೆ ಎಂದು ಕನ್ನಡ ಅಕ್ಷರದಲ್ಲಿ ನಾವೇ ಬರೆದು ನಿಲ್ಲಿಸಿದರೆ ಅದರಲ್ಲಿ ತಪ್ಪು ಎಲ್ಲಿದೆ? ಹೊನ್ನಾವರ ಕಡೆಯ ಶಂಕರನಾಗ್ ಮರಾಠಿ ರಂಗಭೂಮಿಯಲ್ಲಿ ಪಳಗಿಯೇ ಕನ್ನಡಕ್ಕೆ ಬಂದದ್ದು. ಮರಾಠಿ ಚಿತ್ರದಲ್ಲಿ ನಟಿಸಿದ್ದೂ ಉಂಟು. ಬಂದವನನ್ನು ಹೆಗಲ ಮೇಲೆ ಹೊತ್ತುಕೊಂಡೆವು. ಹೋದವಳು ನಮಗೆ ಬೇಡವಾದಳು.

ಯಾರೂ ಹೇಳದ ಕಾರಣಕ್ಕೆ ಬರುತ್ತೇನೆ. ನನಗೆ ಹತ್ತು ವರ್ಷವಿದ್ದಾಗ ನಮ್ಮೂರ ಜಾತ್ರೆಯ ರಾತ್ರಿ ನಾಟಕವಿತ್ತು. ಊರ ಗಂಡಸರೇ ಪಾತ್ರಧಾರಿಗಳು. ನಾಯಕಿಯನ್ನು ಮಾತ್ರ ಸಂಬಳ ಗೊತ್ತು ಮಾಡಿ ಹೊರಗಿನಿಂದ ಕರೆಸುತ್ತಿದ್ದರು. ನಮ್ಮ ಊರಿನ ಹೆಣ್ಣು ಬಣ್ಣ ಹಚ್ಚುವ ಮಾತೇ ಇರಲಿಲ್ಲ. ಘಟ್ಟದ ಮೇಲಿನ ಸಿರ್ಸಿಗೆ ಹೋದರೂ, ಹೊನ್ನಾವರದ ಯಕ್ಷಗಾನಕ್ಕೆ ಬಂದರೂ ಸ್ತ್ರೀವೇಷ ಗಂಡಸರದೇ. ಆ ನಟಿ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು, ಜೊತೆಗೆ ಒಬ್ಬ ಮುದುಕಿ, ಒಂದು ತಗಡಿನ ಪೆಟ್ಟಿಗೆ. ನಾಟಕದವರ ಊಟ ನಮ್ಮ ಮನೆಯಲ್ಲಿ. ಗಂಡಸು ಪಾತ್ರಧಾರಿಗಳಿಗೆ ಒಳಗೆ ಪಂಕ್ತಿ ಹಾಕಿದರು. ಅವಳಿಗೆ ಜಗಲಿಯ ಮೂಲೆಯಲ್ಲಿ, ಬಾಳೆಲೆಯ ತುಂಡಿನಲ್ಲಿ ಬಡಿಸಿದರು. ಬಡಿಸಿದ್ದು ನನ್ನ ಅದೇ ಅಜ್ಜಿ. ರಾತ್ರಿ ಅವಳು ಸೀತೆಯಾಗಿ ಬಂದಾಗ ಮುಂದಿನ ಚಾಪೆಯಲ್ಲಿ ಕುಳಿತು ಕಣ್ಣೊರೆಸಿಕೊಂಡದ್ದೂ ಅದೇ ಅಜ್ಜಿ. ಬೆಳಗಿನ ಬಸ್ಸಿಗೆ ಅವಳು ಹೊರಟಾಗ ಬೀಳ್ಕೊಡಲು ಯಾರೂ ಬರಲಿಲ್ಲ; ನಾನು ಬೇಲಿಯ ಸಂದಿನಿಂದ ನೋಡಿದೆ. ಮುಖದ ಬಣ್ಣ ಕಿವಿಯ ಹಿಂದೆ ಸ್ವಲ್ಪ ಉಳಿದಿತ್ತು.

ಜಯಶ್ರೀಯವರನ್ನು ನಾವು ಮರೆತದ್ದು ಮರಾಠಿಯ ಕಾರಣಕ್ಕೋ ಜಗಲಿಯ ಕಾರಣಕ್ಕೋ ಎಂದು ನನ್ನನ್ನು ಕೇಳಿದರೆ, ಜಗಲಿಯೇ ಮೊದಲು ಎನ್ನುತ್ತೇನೆ. ಗಡಿ ಆಮೇಲೆ ಸಿಕ್ಕ ನೆಪ.

ಈಗ ಬೇಡಿಕೆ. ಪ್ರತಿಮೆ ಬೇಡ. ಕಾರವಾರದ ಉಪ್ಪುಗಾಳಿಗೆ ಪ್ರತಿಮೆಗಳು ಏನಾಗುತ್ತವೆ ಎಂಬುದು ತಮಗೂ ಗೊತ್ತು, ಕಾಗೆಗಳಿಗೂ ಗೊತ್ತು. ವೃತ್ತಕ್ಕೆ ಹೆಸರಿಡುವುದೂ ಬೇಡ. ಅದರಿಂದ ಒಂದು ಜಗಳ ಹೆಚ್ಚಾಗುತ್ತದೆಯೇ ಹೊರತು ಒಬ್ಬ ಪ್ರೇಕ್ಷಕನೂ ಹೆಚ್ಚಾಗುವುದಿಲ್ಲ. ನಟಿಯನ್ನು ನೆನೆಯುವ ಸರಿಯಾದ ರೀತಿ ಅವಳ ನಟನೆಯನ್ನು ನೋಡುವುದು. ಫೆಬ್ರುವರಿ 21 ವಿಶ್ವ ಮಾತೃಭಾಷಾ ದಿನ. ಮಳೆಯಿಲ್ಲ, ಸೆಕೆಯೂ ಅಷ್ಟಿಲ್ಲ. ಆ ಸಂಜೆ ಟಾಗೋರ್ ತೀರದ ಮಯೂರವರ್ಮ ವೇದಿಕೆಯಲ್ಲಿ ಒಂದು ಪರದೆ ಕಟ್ಟಿಸಿ. ಕರಾವಳಿ ಉತ್ಸವಕ್ಕೆ ಅಲ್ಲಿ ಎಷ್ಟೋ ದೊಡ್ಡ ಏರ್ಪಾಡುಗಳಾಗುತ್ತವೆ, ಇದು ಅದರ ಒಂದು ಮೂಲೆಯ ಖರ್ಚೂ ಆಗಲಾರದು. ‘ಸಾಂಗತ್ಯೆ ಐಕಾ’ವನ್ನೋ ‘ಸಾಧೀ ಮಾಣಸಂ’ ಅನ್ನೋ ತೋರಿಸಿ. ಪ್ರತಿಗಾಗಿ, ಹಕ್ಕುದಾರರ ಅನುಮತಿಗಾಗಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಇಲಾಖೆಯಿಂದ ಒಂದು ಪತ್ರ ಹೋದರೆ ದಾರಿ ಕಾಣುತ್ತದೆ. ನಿವೃತ್ತ ಶಿಕ್ಷಕಿ ಬರೆದ ಪತ್ರಕ್ಕೂ ಜಿಲ್ಲಾಡಳಿತದ ಮೊಹರಿರುವ ಪತ್ರಕ್ಕೂ ಇರುವ ವ್ಯತ್ಯಾಸವನ್ನು ನಾನು ಬಲ್ಲೆ.

ಜೊತೆಗೆ ಒಂದು ಸಣ್ಣ ಕೆಲಸ. 1940ರ ದಶಕದ ಕಣಸಗಿರಿ, ಸದಾಶಿವಗಡ, ಮಾಜಾಳಿಗಳನ್ನು ಕಂಡವರಿಗೆ ಈಗ ಎಂಬತ್ತು ದಾಟಿದೆ. ಕಾಲೇಜಿನ ನಾಲ್ಕು ಮಕ್ಕಳ ಕೈಗೆ ಮೊಬೈಲ್ ಕೊಟ್ಟು, ಆ ಹಿರಿಯರು ಏನು ಹೇಳುತ್ತಾರೋ ಅದನ್ನು ಅವರ ಕೊಂಕಣಿಯಲ್ಲೇ ಧ್ವನಿಮುದ್ರಿಸಿ ಇಡಿಸಿ. ದೋಣಿಯ ಕಥೆ, ಮುಂಬೈಗೆ ಹೋದವರ ಕಥೆ, ಜಾತ್ರೆಗೆ ಬಂದ ನಟಿಯರ ಕಥೆ. ನನ್ನ ಅಮ್ಮನದನ್ನು ನಾನು ಮುದ್ರಿಸಿಕೊಳ್ಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿದಾಗ ಕೌಸಲ್ಯೆ ಬಂದಳು, ‘ನಮ್ಮ ಕಣಸಗಿರಿಯ ಹುಡುಗಿ’ ಎನ್ನಲು ಪಕ್ಕದಲ್ಲಿ ಅಮ್ಮ ಇರಲಿಲ್ಲ. ನಾನೇ ಮೊಮ್ಮಗನಿಗೆ ಹೇಳಿದೆ. ಅವನು ನಂಬಿದ, ಅಷ್ಟೇ ಅಲ್ಲ, ಮೊಬೈಲಿನಲ್ಲಿ ಬುಗುಡಿಯ ಹಾಡನ್ನು ಹುಡುಕಿ ಕೊಟ್ಟವನೂ ಅವನೇ.

ಮಾತು ತಿಳಿಯದವರು ಏನು ನೋಡುತ್ತಾರೆ ಎಂದು ತಾವು ಕೇಳಬಹುದು. ಅದಕ್ಕೂ ವ್ಯವಸ್ಥೆಯಿದೆ: ಪರದೆಯ ಕೆಳಗೆ ಬರುವ ಕನ್ನಡ ಸಾಲುಗಳನ್ನು ನಾನು ಬರೆದುಕೊಡುತ್ತೇನೆ, ಒಂದು ಪೈಸೆ ಬೇಡ. ಆಗಲೇ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಶುರು ಮಾಡಿದ್ದೇನೆ. ಆದರೆ ಹೆಸರಿನಲ್ಲೇ ಸಿಕ್ಕಿಹಾಕಿಕೊಂಡು ಕುಳಿತಿದ್ದೇನೆ. ‘ಸಾಂಗತ್ಯೆ ಐಕಾ’ ಎಂದರೆ ಹೇಳುತ್ತೇನೆ, ಕೇಳಿ. ಆದರೆ ಮರಾಠಿಯ ‘ಸಾಂಗತ್ಯೆ’ಯಲ್ಲಿ ಹೇಳುವವಳು ಹೆಣ್ಣು ಎಂಬುದು ಕ್ರಿಯಾಪದದಲ್ಲೇ ಇದೆ, ಗಂಡಸು ಆ ಮಾತು ಆಡುವ ಹಾಗೇ ಇಲ್ಲ. ನಮ್ಮ ‘ಹೇಳುತ್ತೇನೆ’ಯಲ್ಲಿ ಅದು ಬರುವುದಿಲ್ಲ. ಕೊಂಕಣಿಯ ‘ಸಾಂಗ್ತಾಂ’ನಲ್ಲೂ ಬರುವುದಿಲ್ಲ. ‘ಹೆಣ್ಣಾದ ನಾನು ಹೇಳುತ್ತೇನೆ’ ಎಂದರೆ ಭಾಷಣದ ಹಾಗಾಗುತ್ತದೆ. ‘ಹೇಳುವವಳು ನಾನು, ಕೇಳಿ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮತ್ತೆ ಅದನ್ನೇ ಬರೆದಿದ್ದೇನೆ. ತಾವು ದಿನಾಂಕ ತಿಳಿಸುವಷ್ಟರಲ್ಲಿ ಏನಾದರೂ ಒಂದಕ್ಕೆ ಬಂದಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸದಾಶಿವಗಡದ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ